ಫ್ಲಾಸ್ಕಿನ ಮುಚ್ಚಳ

ಬೋಟುಗಳೆಲ್ಲ ತದಡಿಯ ಧಕ್ಕೆಗೆ ಹಗ್ಗ ಬಿಗಿದು
ಅರವತ್ತೊಂದು ದಿನದ ರಜೆಯಲ್ಲಿ ತೂಕಡಿಸುವಾಗ
ನನಗೊಂದು ಕೆಲಸ ಸಿಕ್ಕಿತು:
ಏಳು ತಿಂಗಳ ಕೂಸಿಗೆ ಕುಡಿಯಲು ಕಲಿಸುವುದು.

ಕುಡಿಯಲು ಬರುತ್ತಿತ್ತು ಅದಕ್ಕೆ,
ಹುಟ್ಟಿದ ಗಳಿಗೆಯಿಂದ. ಆದರೆ
ಒಂದೇ ಕಡೆ.
ಆ ಕಡೆ ಈಗ ಖಾಕಿ ಅಂಗಿಯ ಗುಂಡಿ ಹಾಕಿಕೊಂಡು
ಹೆಗಲಿಗೆ ಚರ್ಮದ ಚೀಲ ತೂಗಿಕೊಂಡು
ಬೆಳಗಿನ ಮೊದಲ ಬಸ್ಸಿಗೆ ಕುಮಟೆಯ ಡಿಪೋಗೆ ಹೊರಟಿತು.

ಹೋಗುವ ಮೊದಲು ನಾಗವೇಣಿ
ಗೋಡೆಗೆ ಮುಖಮಾಡಿ ಕೂತು
ಎದೆಹಾಲು ಹಿಂಡಿ ಇಟ್ಟಳು ಸ್ಟೀಲಿನ ಡಬ್ಬಿಯಲ್ಲಿ,
ಇಷ್ಟೇ ಇಷ್ಟು.
"ಚೆಲ್ಲಿಗಿಲ್ಲೀರಿ ಮತ್ತೆ" ಎಂದಳು.

ಬಾಟಲಿ ತಂದಿದ್ದೆವು ಮೊದಲು
ಗೋಕರ್ಣದ ಮೆಡಿಕಲ್ಲಿನಿಂದ, ಆನೆಯ ಚಿತ್ರದ್ದು.
ರಬ್ಬರನ್ನು ನಾಲಿಗೆಯಿಂದ ಹೊರದಬ್ಬಿ
ನನ್ನ ಮುಖ ನೋಡಿತು ಕೂಸು:
ಇವತ್ತಿನ ಬಂಗಡೆ ಎಂದು ನಿನ್ನೆಯದನ್ನು ಕೊಟ್ಟರೆ
ಗಿರಾಕಿ ನೋಡುತ್ತಾಳಲ್ಲ, ಹಾಗೆ.

ಆಮೇಲೆ ಅಮ್ಮ ಪೆಟ್ಟಿಗೆಯ ತಳದಿಂದ ತೆಗೆದ
ಹಿತ್ತಾಳೆಯ ಒಳಲೆ,
ನನಗೂ ತಂಗಿಗೂ ಹರಳೆಣ್ಣೆ ಕುಡಿಸಿದ್ದು.
ಅದರ ಕೊಕ್ಕು ಕಂಡದ್ದೇ ಬಾಯಿ ಬಿಗಿಯಿತು.
ಹರಳೆಣ್ಣೆಯ ನೆನಪು ರಕ್ತದಲ್ಲೇ ಇಳಿದು ಬರುತ್ತದೋ ಏನೋ.

ಮೂರನೇ ದಿನ ಆಶಾ ತುಳಸಕ್ಕ ಬಂದಳು, ಛತ್ರಿ ಮಡಚುತ್ತ.
"ಬಾಟಲಿ ಎಂತಕ್ಕೆ? ತೊಳೆಯೂದು ಕಷ್ಟ, ಹೊಟ್ಟೆ ಕೆಡ್ತದೆ.
ಸಣ್ಣ ಲೋಟ ಸಾಕು. ಮಲಗ್ಸಬೇಡ,
ತೊಡೆ ಮೇಲೆ ಕೂರ್ಸಿಕೊ.
ಬಾಯೊಳಗೆ ಹೊಯ್ಯಬೇಡ ಮಾರಾಯ,
ಕೆಳತುಟಿಗೆ ತಾಗ್ಸಿ ಹಿಡಿ, ಹಿಡ್ಕಂಡೇ ಇರು.
ಬೇಕಾದ್ರೆ ಅದೇ ಬತ್ತದೆ."

ಕಾಯುವುದು ನನಗೆ ಗೊತ್ತಿದ್ದ ವಿದ್ಯೆ.
ಬಲೆ ಬಿಟ್ಟು, ಇಂಜಿನು ಸಣ್ಣ ಮಾಡಿ
ಮೂರು ಮೂರು ತಾಸು ಕಾದವನು ನಾನು.
ಆದರೆ ಆ ಕಾಯುವುದರಲ್ಲಿ ಬೀಡಿ ಇರುತ್ತಿತ್ತು,
ಬೈಗುಳ ಇರುತ್ತಿತ್ತು.
ಇಲ್ಲಿ ಬರೀ ಒಂದು ತುಟಿ,
ಮತ್ತೆ ನನ್ನ ಹೆಬ್ಬೆರಳು,
ಹಗ್ಗ ಎಳೆದೆಳೆದು ಕೊರಡಾದದ್ದು,
ನಡುಗುತ್ತ.

ಲೋಟಗಳೆಲ್ಲ ದೊಡ್ಡವಾದವು. ಚಹದ ಗ್ಲಾಸು ಭಾರ.
ಕೊನೆಗೆ ಸಿಕ್ಕಿದ್ದು
ನಾನು ಕಡಲಿಗೆ ಒಯ್ಯುವ ಫ್ಲಾಸ್ಕಿನ ಮುಚ್ಚಳ,
ಕೆಂಪು, ಅಂಚು ಸವೆದು ನುಣ್ಣಗಾದದ್ದು.
ಕುದಿಯುವ ನೀರಲ್ಲಿ ಎರಡು ಸಲ ಅದ್ದಿದೆ. ಆದರೂ
ಅದರಲ್ಲಿ ಆರು ವರ್ಷದ ಚಹ, ಉಪ್ಪುಗಾಳಿ,
ಡೀಸೆಲ್ಲಿನ ಒಂದೆಳೆ ಉಳಿದಿರಬೇಕು.

ಮೂಸಿತು ಕೂಸು.
ನಾಲಿಗೆ ಹೊರಗೆ ಬಂತು, ಬೆಕ್ಕಿನ ಮರಿಯದರ ಹಾಗೆ,
ಒಮ್ಮೆ.
ನಿಂತಿತು. ನನ್ನ ಗಡ್ಡ ನೋಡಿತು.
ಇನ್ನೊಮ್ಮೆ.
ಅರ್ಧ ಗದ್ದಕ್ಕೆ, ಕಾಲು ನನ್ನ ಲುಂಗಿಗೆ,
ಉಳಿದ ಕಾಲು ಒಳಗೆ.
ಗುಟುಕು ಇಳಿದ ಸದ್ದು ಕೇಳಿದೆ ನಾನು.
ಇಂಜಿನು ನಿಂತ ಮೇಲೆ ಬೋಟಿನ ಹೊಟ್ಟೆಗೆ
ನೀರು ತಟ್ಟುತ್ತದಲ್ಲ,
ಅಷ್ಟೇ ಸಣ್ಣ ಸದ್ದು.

ಸಂಜೆ ನಾಗವೇಣಿ ಮೆಟ್ಟಿಲು ಹತ್ತುವ ಮೊದಲೇ ಹೇಳಿದೆ.
ನಕ್ಕಳು. ಚೀಲ ಗೂಟಕ್ಕೆ ಹಾಕಿದಳು.
ಮಿರ್ಜಾನದಲ್ಲಿ ಯಾರದೋ ಮಡಿಲಲ್ಲಿ ಯಾರದೋ ಕೂಸು ಅತ್ತಿತಂತೆ,
ಶೂನ್ಯ ರೂಪಾಯಿಯ ಟಿಕೆಟ್ಟು ಹರಿದು ಕೊಡುವಾಗ
ಅಂಗಿ ಒದ್ದೆಯಾಯಿತಂತೆ.
ಚೀಲವನ್ನು ಎದೆಗೆ ಒತ್ತಿ ಹಿಡಿದು
ಹೊನ್ನಾವರದ ತನಕ ನಿಂತೇ ಹೋದಳಂತೆ.
"ಮುಚ್ಚಳದಲ್ಲಿ ಕುಡೀತಾ?" ಮತ್ತೊಮ್ಮೆ ಕೇಳಿದಳು.
ನಾನು ಬಾವಿಕಟ್ಟೆಗೆ ಹೋದೆ, ಮುಚ್ಚಳ ತೊಳೆಯಲು.
ತೊಳೆದದ್ದನ್ನೇ ತೊಳೆದೆ.

ಆಗಸ್ಟ್ ಒಂದಕ್ಕೆ ಐಸು ತುಂಬಿ, ಕಾಯಿ ಒಡೆದು
ಬೋಟು ಬಿಟ್ಟೆವು.
ಕೂಸು ಈಗ ಮುಚ್ಚಳದ ತುಂಬ ಕುಡಿಯುತ್ತದೆ,
ಅಂಚನ್ನು ಎರಡೂ ಕೈಲಿ ಹಿಡಿದು.
ಮುಗಿದ ಮೇಲೆ ನೆಲಕ್ಕೆ ಬಡಿಯುತ್ತದೆ.
ಅಮ್ಮ ಹಿಡಿದರೂ ಆಗುತ್ತದೆ.
ನಾನೇ ಬೇಕೆಂದಿಲ್ಲ.

ದಡ ಕಾಣದಾದ ಮೇಲೆ ಚಹಕ್ಕೆಂದು ಫ್ಲಾಸ್ಕು ತೆಗೆದೆ.
ಬೋಳು ಕತ್ತು.
"ಮುಚ್ಚಳ ಎಲ್ಲಿ ಹಾಕ್ದೆ?" ಎಂದ ತಾಂಡೇಲ.
"ಕೂಸಿಗೆ."
ಅವನು ಮತ್ತೇನೂ ಕೇಳಲಿಲ್ಲ.
ಹಾಗೇ ಎತ್ತಿ ಕುಡಿಯಹೋಗಿ ತುಟಿ ಸುಟ್ಟುಕೊಂಡೆ.
ಸಾವಕಾಶ ಮಾರಾಯ, ಎಂದುಕೊಂಡೆ,
ಕೆಳತುಟಿಗೆ ತಾಗ್ಸಿ ಹಿಡಿ,
ಹಿಡ್ಕಂಡೇ ಇರು.