ಹಗ್ಗವಿರುವುದೋ, ಇಲ್ಲದ್ದೋ

ಮೂರು ಕಂಪನಿಯ ಮೂರು ದರಪಟ್ಟಿ
ಕೆಟಲಿನಡಿ ಒದ್ದೆಯಾಗಿ ಬಿದ್ದು ವಾರವಾಯಿತು.
ಕಾರು ಬಂದಿದೆ, ಸ್ಯಾಂಡೇ ದ್ವೀಪದ ಈ ತುದಿಗೆ,
ಹಡಗಿನ ಹೊಟ್ಟೆಯಲ್ಲಿ ಕೂತು, ಮೈಯೆಲ್ಲ ಉಪ್ಪಾಗಿ;
ಅಡುಗೆಮನೆ ಕಿಟಕಿಯಿಂದ ಇಳಿಬಿಟ್ಟ ತಂತಿ ಕಚ್ಚಿ
ರಾತ್ರಿಯಿಡೀ ಗುಟುಕು ಗುಟುಕಾಗಿ ಕುಡಿಯುತ್ತದೆ,
ಬೆಳಿಗ್ಗೆ ನೋಡಿದರೆ ಅರೆಹೊಟ್ಟೆ.
ನಾನು ಇಲ್ಲಿಯ ದಾದಿ.
ರಾತ್ರಿ ಎರಡಕ್ಕೆ ಎದೆ ಹಿಡಿದುಕೊಂಡವರು
‘ಚಾರ್ಜು ಆಗಲಿ, ಆಮೇಲೆ ಬಾ’ ಎನ್ನುವುದಿಲ್ಲ.

ಎರ್ಲೆಂಡ್ ಫ್ಲೆಟ್ ಬಂದ.
ಊರಿನ ವೈರಿಂಗೂ ಅವನದೇ, ಕಡಲೇಡಿಯ ಬುಟ್ಟಿಗಳೂ ಅವನವೇ.
ಹೊಳಪು ಹಾಳೆಯ ಮೇಲೆ ಬೆರಳಿಟ್ಟೆ:
ಇದು ಹೇಗೆ, ಇಪ್ಪತ್ತೆರಡು ಕಿಲೋವ್ಯಾಟಿನದು?
ಮೀಟರಿನ ಬಾಗಿಲು ತೆಗೆದು, ನೋಡಿ, ಮುಚ್ಚಿದ.
“ಮೆರಾನ್, ನಿನ್ನ ಮನೆಗೆ ಬರುವುದು ಒಂದೇ ಫೇಸು.
ಇಪ್ಪತ್ತೆರಡಕ್ಕೆ ದುಡ್ಡು ಸುರಿದರೂ ಸಿಗುವುದು ಏಳೇ.
ಕೊಡದ ಬಾಯಿ ದೊಡ್ಡದಾದರೆ ನಲ್ಲಿಗೇನು?”

ಎರಡನೆಯದು ಬುದ್ಧಿವಂತ ಪೆಟ್ಟಿಗೆಯಂತೆ.
ಗಾಳಿ ಜೋರಾಗಿ ಕರೆಂಟು ಅಗ್ಗವಾದ ಹೊತ್ತಿಗೆ
ತಾನೇ ಎಚ್ಚರಗೊಂಡು, ಕಾರಿಗೆ ಉಣಿಸಿ,
ಫೋನಿಗೆ ವರದಿ ಒಪ್ಪಿಸುವಂಥದು.
ಗಾಳಿಗೇನು ಬರವೇ ನಮಗೆ!
ಗುಡ್ಡದ ಮೇಲಿನ ರೆಕ್ಕೆಗಳು ಎಷ್ಟೋ ದಿನ
‘ಸಾಕು, ನಿಲ್ಲಿ’ ಅನ್ನಿಸಿಕೊಂಡು ಕೈಕಟ್ಟಿ ನಿಂತಿರುತ್ತವೆ.
ಆದರೆ ಪೆಟ್ಟಿಗೆ ಕೂರಬೇಕಾದ್ದು ಹಳೆಯ ದನದ ಕೊಟ್ಟಿಗೆಯಲ್ಲಿ.
ಎರಡೂವರೆ ಅಡಿ ಕಲ್ಲುಗೋಡೆ.
ಫೋನು ಹಿಡಿದು ಒಳಗೆ ಹೋದೆ,
ಸಿಗ್ನಲ್ಲಿನ ಕಡ್ಡಿಗಳು ಒಂದೊಂದಾಗಿ ಮಲಗಿಕೊಂಡವು.
ಎರ್ಲೆಂಡ್ ಗೋಡೆ ತಟ್ಟಿ ನಕ್ಕ:
“ಇದರ ಮುಂದೆ ಯಾರ ಬುದ್ಧಿಯೂ ನಡೆಯದು. ಗಡಿಯಾರವಿದ್ದರೆ ಸಾಕು.
ಹನ್ನೆರಡೂವರೆಗೆ ಶುರು, ನಾಲ್ಕೂವರೆಗೆ ಬಂದ್.”

ಉಳಿದದ್ದು ಒಂದು ಪ್ರಶ್ನೆ.
ತಂತಿ ಗೋಡೆಗೇ ಕಟ್ಟಿಕೊಂಡು ಬರುವುದೋ,
ಬರೀ ತೂತು ತೋರಿಸಿ ‘ತಂತಿ ನೀನೇ ತಾ’ ಅನ್ನುವುದೋ.
ತಮ್ಮ ಡೇವೊ ಫೋನಿನಲ್ಲಿ ಹೇಳಿದ:
“ತೂತೇ ಇರಲಿ. ನಾಳೆ ಕಾರು ಬದಲಾದೀತು, ಮೂತಿ ಬದಲಾದೀತು,
ಕಟ್ಟಿಕೊಂಡರೆ ಆಮೇಲೆ ಬಿಡಿಸಿಕೊಳ್ಳುವ ಕಷ್ಟ.”
ಮೂರು ಊರು, ಎರಡು ಮದುವೆ ಬದಲಿಸಿದವನು;
ಮಾತಿಗೆ ಅನುಭವದ ತೂಕವಿತ್ತು.

ನಾನು ಡಿಸೆಂಬರ್ ನೆನೆದೆ.
ಮೂರೂವರೆಗೇ ಕವಿಯುವ ಕತ್ತಲೆ, ಬಾಗಿಲನ್ನೇ ಕಿತ್ತುಕೊಳ್ಳುವ ಗಾಳಿ,
ಡಿಕ್ಕಿಯ ತಳದಲ್ಲಿ ಮರಗಟ್ಟಿದ ತಂತಿ,
ಅದರ ಮೇಲೆ ಬ್ಯಾಂಡೇಜಿನ ಡಬ್ಬಿ, ಅದರ ಮೇಲೆ ಯಾರದೋ ಊರುಗೋಲು.
ಹಗ್ಗವಿರುವುದೇ, ಅಂದೆ.

ಇನ್ನು ಅರ್ಥಿಂಗು. ನೆಲಕ್ಕೊಂದು ಸರಳು ಇಳಿಯಬೇಕು.
ಬಾಗಿಲ ಬಳಿ ಹೊಡೆದ: ಒಂದಡಿಗೇ ಠಣ್, ಹಾಸುಗಲ್ಲು.
ಬೇಲಿಯ ಬಳಿ ಸರಸರ ಇಳಿಯಿತು, ಬರೀ ಮರಳು,
ಮೀಟರು ಒಪ್ಪಲಿಲ್ಲ.
ಒಣಮರಳಿಗೆ ಏನು ಒಪ್ಪಿಸಿದರೂ ಅರ್ಥವಾಗದು.
ಮೂರನೆಯ ಸಲ ಕೊಟ್ಟಿಗೆಯ ಹಿಂದೆ,
ತುರಿಕೆಗಿಡ ಎದೆಮಟ್ಟ ಬೆಳೆದ ಮೂಲೆ:
ಬೆಣ್ಣೆಗೆ ಬೆರಳಿಟ್ಟ ಹಾಗೆ ಹೋಯಿತು.
ಸುತ್ತ ಉಕ್ಕಿದ ಮಣ್ಣು ಕಪ್ಪು, ಒದ್ದೆ, ತುಸು ನಾತ.
ಮೀಟರು ನೋಡಿ ಟೋಪಿ ಹಿಂದೆ ಸರಿಸಿ,
“ಇಲ್ಲೇನಿತ್ತು?” ಅಂದ.

ತಿಪ್ಪೆ.
ಏಳು ದನಗಳ ಸಗಣಿ, ಮೀನಿನ ತಲೆ, ಚಳಿಗಾಲಕ್ಕೊಮ್ಮೆ
ಕಡಲು ಕಕ್ಕಿದ ಪಾಚಿ, ಒಲೆಯ ಬೂದಿ,
ಮನೆ ಬೇಡವೆಂದದ್ದೆಲ್ಲ.
ಯಾರೂ ಅದಕ್ಕೊಂದು ದರಪಟ್ಟಿ ಕೇಳಿರಲಿಲ್ಲ.

ಕೊಕ್ಕೆಗೆ ಬೇರೆ ಹದಿನೆಂಟು ಪೌಂಡು. ಬೇಡ ಅಂದೆ;
ಹಸು ಕಟ್ಟುತ್ತಿದ್ದ ಕಬ್ಬಿಣದ ಬಳೆ ಗೋಡೆಯಲ್ಲೇ ಇತ್ತು,
ಒಳಬದಿ ಸವೆದು ತೆಳ್ಳಗೆ, ನುಣ್ಣಗೆ.

ಮೊದಲ ರಾತ್ರಿ ಮೂರೂ ಹತ್ತಕ್ಕೆ ಫೋನು.
ಹೋಸೀಯವರ ಮೊಣಕಾಲಲ್ಲ ಈ ಸಲ, ಅವರ ಉಸಿರು.
ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡು ಓಡಿದೆ,
ಮೂತಿ ಕಳಚಿ, ಹಗ್ಗ ಸುತ್ತಿ, ಬಳೆಗೆ ಏರಿಸಿದೆ.
ಬೆಚ್ಚಗಿತ್ತು.