ಎರಡ ಕಾಳು ಎಡಕ್ಕ

ರ‍್ಯಾಕು ಹೊಸಾದು ಹಾಕ್ಯಾರ. ರೊಕ್ಕ ಕೇಳಿಲ್ಲ.
ವಾರಂಟಿ ಒಳಗ ಬರತೈತ್ರಿ ಅಂತ ಚಾ ಕೊಟ್ಟು,
ಗಾಡಿ ತೊಳದು, ಕಾಲ ಇಡೂ ಜಾಗಾದಾಗ ಕಾಗದ ಹಾಸಿ
ಕೀಲಿ ನನ್ನ ಕೈಯಾಗ ಇಟ್ರು.
ನವನಗರದ ರಸ್ತಾ ನೆಟ್ಟಗ ಅದಾವ, ಪಟ್ಟಿ ಇಟ್ಟು ಗೆರಿ ಕೊರದಂಗ.
ಗೆರಿ ಕೊರದವ್ರಾಗ ನಾನೂ ಒಬ್ಬ.
ಆ ರಸ್ತಾದಾಗ ಗಾಡಿನೂ ನೆಟ್ಟಗ ಹೊಂಟಿತ್ತು.
ಸ್ಟೀರಿಂಗ್ ಒಂದ ಮಾತ್ರ
ಎಡಕ್ಕ ವಾಲಿತ್ತು,
ಬಾಜೂ ಮನಿ ಜಗಳಕ್ಕ ಕಿವಿ ಕೊಟ್ಟಾವ್ರಂಗ.
ನಡುವಿನ ಕಂಪನಿ ಗುರ್ತು
ಟೊಪಗಿ ಸೊಟ್ಟ ಇಟ್ಕೊಂಡ ಪೊಲೀಸನಂಗ.

ಭಾಳ ಅಲ್ಲ. ಎರಡ ಕಾಳಿನಷ್ಟು.

ಮೂವತ್ತೊಂದ ವರ್ಷ ಸರಪಳಿ ಎಳದೀನಿ.
ಒಂದ ಕಣ್ಣ ಮುಚ್ಚಿದ್ರ ಸಾಕು,
ಹೊಲದ ಬದು ಎಲ್ಲಿ ಮೋಸ ಮಾಡೇತಿ ಗೊತ್ತಾಗತೈತಿ.
ಬಾಜೂಕ ಕುಂತ ನೀಲವ್ವ ಅಂದ್ಲು:
"ಗಾಡಿ ಹೋಗತೈತಿಲ್ಲ? ಹೋಗಾಕಂತ ತಗೊಂಡೀವಿ,
ಗ್ವಾಡಿಗೆ ತೂಗಹಾಕಾಕಲ್ಲ."
ಆಕಿ ಮಾತೂ ಖರೇನ.
ಆದ್ರ ಗದ್ದನಕೇರಿ ಕ್ರಾಸ್ ದಾಟೂದ್ರಾಗ
ನನ್ನ ಕುತ್ತಿಗಿನೂ ವಾಲಿತ್ತು.

ಎರಡನೇ ಸಲ ಹೋದ್ನಿ. ಕೊರಳಾಗ ಪಟ್ಟಿ ಹಾಕ್ಕೊಂಡ ಹುಡುಗ, ವಿಶ್ವಾರಾಧ್ಯ,
ಗಾಲಿಗೆ ಕನ್ನಡಿ ಕಟ್ಟಿ ಪರದೆ ಮ್ಯಾಲ ಅಂಕಿ ತೋರಿಸಿದ.
"ಎಲ್ಲಾ ಹಸರ ಐತಿ ಸರ್. ಮಶೀನ್ ಸುಳ್ಳ ಹೇಳೂದಿಲ್ಲ."
ಒಳಗಿಂದ ದಸ್ತಗೀರ ಕೈ ಒರಸ್ಕೊಂತ ಬಂದು ಮೆಲ್ಲಕ ಅಂದ:
"ಒಂದ ಹಲ್ಲು ತಿರುವಿ ಹಾಕಿದ್ರ ಬಲಕ್ಕ ವಾಲತೈತ್ರಿ ಸಾಹೇಬ್ರ.
ಅರ್ಧ ಹಲ್ಲ ಅನ್ನೂದು ಇರೂದಿಲ್ಲ.
ತೆಳಗಿಂದ ರಾಡ್ ಸಡಲ ಮಾಡಿ ಹೊಂದಸಬೇಕು, ತಾಸ ಹಿಡಿತೈತಿ.
ವಾರಂಟಿ ಹಾಳಿಯೊಳಗ ಆ ತಾಸ ಬರದಿಲ್ಲ."

ಈ ಮಾತ ನಾ ಮೊದಲ ಕೇಳೀನಿ.
ಅಲ್ಲ, ನಾನ ಆಡೀನಿ.

ಹಳೇ ಊರಾಗ, ಕಿಲ್ಲಾದ ಓಣಿಯೊಳಗ,
ಹಿನ್ನೀರು ಇನ್ನೂ ನಾಕ ಓಣಿ ದೂರ ಇದ್ದಾಗ
ಟೇಪ್ ಹಿಡದು ಮನಿ ಮನಿ ಅಳದೀವಿ:
ಗ್ವಾಡಿ ಎಷ್ಟ ಫೂಟು, ತೊಲಿ ಎಷ್ಟು, ಬೇವಿನ ಗಿಡಕ್ಕ ಎಷ್ಟ ವಯಸ್ಸು.
ಗಾಣಿಗೇರ ಬಾಳವ್ವಗ ಸೆಕ್ಟರಿನ್ಯಾಗ ಮನಿ ಸಿಕ್ತು.
ಅಳತಿ ಜಾಸ್ತಿನ ಇತ್ತು. ನಳಾ ಇತ್ತು. ಲೈಟ ಇತ್ತು.
ತಪಾಸಣಿಗೆ ಹೋದ್ರ
ಮೊಣಕೈಗೆ ಅರಿಷಿಣ ಮೆತ್ಕೊಂಡು ಕುಂತಿದ್ಲು:
"ಎಲ್ಲಾ ಚಲೋ ಐತೆಪಾ. ರಾತ್ರಿ ಎದ್ರ ಬಾಗಲಾ ಸಿಗೂದಿಲ್ಲ.
ನನ್ನ ಮೈಗೆ ಅದು ಒಂದ ಗೇಣ ಆ ಕಡೆ ಗೊತ್ತೈತಿ,
ಇದು ಈ ಕಡೆ ಐತಿ. ದಿನಾ ಗ್ವಾಡಿಗೆ ಹಾಯತೀನಿ."
ಒಂದ ಗೇಣಿಗೆ ನನ್ನ ರಜಿಸ್ಟರಿನ್ಯಾಗ ಕಾಲಮ್ ಇರಲಿಲ್ಲ.
"ರೂಢಿ ಆಗತೈತಿ ಬೇ" ಅಂದು ಹೆಬ್ಬಟ್ಟ ಒತ್ತಿಸ್ಕೊಂಡು
"ದೂರು ಇಲ್ಲ" ಅಂತ ಬರದ್ನಿ.
ನನ್ನ ಅಕ್ಷರ ಆಗ ಭಾಳ ಚಂದ ಇದ್ದವು.

ಮುಂದ ಯಾವಾಗೋ ಆ ಹಾದಿ ಹಿಡದಾಗ ನೋಡೀನಿ:
ಗ್ವಾಡಿ ಒಡದು ಬಾಗಲಾ ಸರಿಸಿದ್ರು, ತಮ್ಮ ರೊಕ್ಕದಾಗ.
ಮುಚ್ಚಿದ ಜಾಗಾದ ಸಿಮೆಂಟು ಬ್ಯಾರೇ ಬಣ್ಣ.
ಗಾಡಿ ನಿಂದರಿಸಲಿಲ್ಲ ನಾ.

ಮೂರನೇ ಸಲ. ವಿಶ್ವಾರಾಧ್ಯ ಹಾಳಿ ಮುಂದಿಟ್ಟು ಪೆನ್ನ ಕೊಟ್ಟ.
"ಸರ್, ಎಂಟ ದಿನದಾಗ ರೂಢಿ ಆಗಿಬಿಡತೈತಿ."
ತೆಳಗ ಅಚ್ಚಾಗಿತ್ತು: ಗ್ರಾಹಕರಿಗೆ ಸಮಾಧಾನವಾಗಿದೆ.
ಸಹಿ ಜಾಗಾ ಖಾಲಿ ಬಿಟ್ಟು, ಅಂಚಿನ್ಯಾಗ,
ನಡಗೂ ಅಕ್ಷರದಾಗ ಬರದ್ನಿ:
ಎಡಕ್ಕೆ ಎರಡು ಕಾಳು.

ಹುಡುಗ ಓದಿದ. ತಲಿ ಕೆರಕೊಂಡ. ಮತ್ತ ಓದಿದ.
"ಯಾವ ಕಾಳ್ರಿ ಸರ್, ಜ್ವಾಳಾನೋ, ಕಡ್ಲಿನೋ?"
"ಜ್ವಾಳಾ" ಅಂದ್ನಿ.
ನಗಲಿಲ್ಲ ಅವ.
ಗಾಡಿ ಬಾಗಲಾ ತಗದು ನನ್ನ ಸೀಟಿನ ಮ್ಯಾಲ ಕುಂತು
ಕೈ ಎರಡೂ ತೊಡಿ ಮ್ಯಾಲ ಇಟ್ಕೊಂಡು
ಒಂದ ಕಣ್ಣ ಮುಚ್ಚಿದ.