ಪೆದ್ದು ಸಸಿ

ನಾಗಾವೊಕಾದಲ್ಲಿ ಹಿಮ ಕರಗಿ ಇನ್ನೂ ತಿಂಗಳಾಗಿಲ್ಲ.
ಪ್ಲಾಸ್ಟಿಕ್ ಮನೆಯೊಳಗೆ, ಬೆವರುವ ಬೆಳಕಿನಲ್ಲಿ,
ಟ್ರೇ ಟ್ರೇ ಭತ್ತದ ಸಸಿ.
ಕಿನುಯೆ ಮಂಡಿಯೂರಿದ್ದಾಳೆ. ಅರವತ್ತೆಂಟು ವರ್ಷ,
ದಿನಗೂಲಿ, ಬೂದು ಕೈಗವಸು.

ಎದ್ದು ಕಂಡದ್ದನ್ನು ಕೀಳಬೇಕು,
ಇಷ್ಟೇ ಕೆಲಸ.
ಓರಗೆಯವಕ್ಕಿಂತ ಗೇಣು ಮೇಲೆ,
ತೆಳ್ಳಗೆ, ಬಿಳಚಿಕೊಂಡು,
ಬೇಲಿಯಾಚೆ ಯಾರ ಜಗಳವನ್ನೋ ನೋಡಲು ಕತ್ತು ಚಾಚಿದಂಥದ್ದು:
ಬಕಾನಾಯೆ. ಪೆದ್ದು ಸಸಿ.
ಬೆಳೆವ ಸಿರಿ ಮೊಳಕೆಯಲ್ಲೇ ಎಂಬ ಮಾತು
ಈ ಟ್ರೇಯ ಮುಂದೆ ಬಾಯಿ ಮುಚ್ಚುತ್ತದೆ.

ಹಗಾ, ಪ್ರಯೋಗಾಲಯದ ಹುಡುಗ,
ಬುತ್ತಿ ಬಿಚ್ಚಿ, ಉಪ್ಪು ಹಾಕಿದ ಪ್ಲಮ್ ಚೀಪುತ್ತ ಹೇಳಿದ:
ಬೀಜಕ್ಕೆ ಬೂಷ್ಟು ಹಿಡಿದಿದೆ ಕಿನುಯೆ ಸಾನ್,
ಗಿಡ ತಾನೇ ಹನಿ ಹನಿ ಮಾಡಿಕೊಳ್ಳುವ ಹಾರ್ಮೋನನ್ನು
ಅದು ಕೊಡಗಟ್ಟಲೆ ಸುರಿಯುತ್ತದೆ.
ಅದೇ ಎಳೆದು ಉದ್ದ ಮಾಡುತ್ತದಾ?
ಇಲ್ಲ, ಅಂದ. ಬೀಜ ಉಗಿದು ಮುಚ್ಚಳದಲ್ಲಿಟ್ಟ.
ಒಳಗೊಂದು ಪ್ರೋಟೀನಿದೆ, ಕಾವಲುಗಾರ.
ತಡಿ, ಇನ್ನೂ ಚಳಿ ಇದೆ, ತಡಿ:
ಇದನ್ನು ಹೇಳುವುದೇ ಅವನ ಉದ್ಯೋಗ.
ಹಾರ್ಮೋನು ಬಂದರೆ ಅವನ ಬೆನ್ನಿಗೊಂದು ಚೀಟಿ ಬೀಳುತ್ತದೆ,
ಚೀಟಿಗೆ ಇನ್ನೊಂದು ಚೀಟಿ, ಅದಕ್ಕೆ ಮತ್ತೊಂದು,
ನಾಲ್ಕಾದರೆ ಸಾಕು,
ಅರೆಯುವ ಪೀಪಾಯಿ ಅವನನ್ನು ಒಳಗೆಳೆದುಕೊಳ್ಳುತ್ತದೆ.
ಆಮೇಲೆ ತಡಿ ಅನ್ನುವವರು ಯಾರೂ ಇರುವುದಿಲ್ಲ.

ಚೀಟಿಯಾ, ಎಂದು ಕಿನುಯೆ ನಕ್ಕಳು.
ರೈಲು ನಿಲ್ದಾಣದ ಲಗೇಜು ಕೌಂಟರಿನಲ್ಲಿ ಹನ್ನೊಂದು ವರ್ಷ,
ಇಲಾಖೆ ಅದನ್ನು ಮುಚ್ಚುವವರೆಗೆ,
ಕಟ್ಟಿದ್ದು ಅದನ್ನೇ: ತಂತಿ ಪೋಣಿಸಿದ ರಟ್ಟಿನ ತುಂಡು.
ಹಿಮಹಾವುಗೆ, ಸೇಬಿನ ಪೆಟ್ಟಿಗೆ, ಮದುವೆಯ ಹಾಸಿಗೆಗಂಟು,
ಒಮ್ಮೆ ಒಂದು ಹೊಲಿಗೆ ಯಂತ್ರ, ಮುಟ್ಟಿದಲ್ಲೆಲ್ಲ ಎಣ್ಣೆ.
ಚೀಟಿ ಬಿದ್ದ ಮೇಲೆ ಗಂಟು ಕೊಟ್ಟವರದಲ್ಲ,
ಬರೆದ ಊರಿನದು.
ಅಕಿತಾದ ಬುಟ್ಟಿಗೆ ಒಸಾಕಾ ಎಂದು ಕಟ್ಟಿದ್ದಳೊಮ್ಮೆ.
ಒಳಗೆ ಏನೋ ಮೆತ್ತಗೆ ಸರಿದಿತ್ತು.
ಕೇಳಿಕೊಂಡು ಯಾರೂ ಬರಲಿಲ್ಲ.
ಬಂದಿದ್ದರೆ ಮರೆತಿರುತ್ತಿದ್ದಳೋ ಏನೋ.

ಹಾಗಾದರೆ ಈ ಗಟ್ಟಿ ಸಸಿಗಳಲ್ಲಿ? ಕೇಳಿದಳು.
ಅಲ್ಲೂ ಬೀಳುತ್ತದೆ, ದಿನಕ್ಕಿಷ್ಟು.
ಒಬ್ಬ ಹೋಗುತ್ತಾನೆ, ಇನ್ನೊಬ್ಬ ಹುಟ್ಟಿ
ಮತ್ತೆ ತಡಿ ಅನ್ನುತ್ತಾನೆ.
ಆ ಎರಡರ ನಡುವಿನ ಸಂದಿಯಲ್ಲಿ ಗಿಡ
ಒಂದು ಕೂದಲೆಳೆ ಏರಿಕೊಳ್ಳುತ್ತದೆ.

ಮೂಲೆಯ ಕಪಾಟಿನ ಟ್ರೇ ತೋರಿಸಿದ.
ಅಲ್ಲಿನ ಸಸಿಗಳಲ್ಲಿ ಚೀಟಿ ಅಂಟಿಸುವ ಕೈಯೇ ಇಲ್ಲ.
ಬೆರಳೆತ್ತರ, ಅಗಲ ಎಲೆ, ಕಪ್ಪೆನ್ನುವಷ್ಟು ಹಸಿರು,
ಎರಡು ತಿಂಗಳಿಂದ ಅಷ್ಟೇ.
ಎಷ್ಟು ನೀರುಣಿಸಿದರೂ, ಯಾರು ಬಂದು ಕರೆದರೂ
ಕಾವಲುಗಾರ ಜಾಗ ಬಿಡುವುದಿಲ್ಲ.
ಕಿನುಯೆ ಅದರ ಮುಂದೆ
ಊಟದ ಹೊತ್ತು ಮುಗಿಯುವವರೆಗೆ ಕೂತಳು.
ಬೈಯಬೇಕೆನಿಸಿತು. ಯಾರನ್ನು?

ಸಂಜೆ ಐದು. ಬಕೆಟ್ಟಿನಲ್ಲಿ ನಲವತ್ತೊಂದು ಪೆದ್ದುಗಳು,
ಆಗಲೇ ಬಾಗಿ ಒಂದರ ಮೇಲೊಂದು ಒರಗಿ.
ಬೇರಿನಲ್ಲಿ ಇನ್ನೂ ಬಿಸಿ ಮಣ್ಣಿತ್ತು.
ಎಣಿಕೆ ಬರೆದಳು, ದಿನಾಂಕ ಬರೆದಳು,
'ಸುಡಲು' ಎಂದು ಬರೆದು
ಬಕೆಟ್ಟಿನ ಹಿಡಿಗೆ ಚೀಟಿ ಕಟ್ಟಿದಳು,
ಎರಡು ಸುತ್ತು, ಒಂದು ಒಳಗೆ,
ದಾರಿಯಲ್ಲಿ ಎಲ್ಲೂ ಬಿಚ್ಚಿಕೊಳ್ಳದ
ಆ ಹಳೆಯ ಗಂಟು.